ಬೀರುವಿನಿಂದ ಶುರುವಾಗುವ ಸ್ವೆಟರ್

ಕೈಯಲ್ಲಿ ಹೆಣೆದ ಸ್ವೆಟರುಗಳಲ್ಲಿ ಎಷ್ಟೋ ಬೀರುವಿನೊಳಗೇ ಹಳತಾಗುತ್ತವೆ. ಹೆಣಿಗೆ ಕೆಟ್ಟಿದ್ದರಿಂದಲ್ಲ. ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ನವಿಲುಬಣ್ಣದ ಉಲ್ಲನ್ ತಂದು, ಪುಸ್ತಕದಲ್ಲಿ ಕಂಡ ಡಿಸೈನು ಹಾಕಿ, ತಿಂಗಳುಗಟ್ಟಲೆ ಕೂತು ಮುಗಿಸಿದ ಮೇಲೆ ನೋಡಿದರೆ ಮನೆಯಲ್ಲಿರುವ ಒಂದು ಸೀರೆಗೂ ಅದು ಕೂಡಿಬರುವುದಿಲ್ಲ. ಚೂಡಿದಾರದ ಮೇಲೆ ಗಿಡ್ಡ, ಜೀನ್ಸಿನ ಮೇಲೆ ದೊಗಳೆ. ಮೊದಲು ಬೀರುವಿನ ಬಾಗಿಲು ತೆರೆಯಬೇಕು, ಉಲ್ಲನ್ ಅಂಗಡಿಗೆ ಆಮೇಲೆ ಹೋಗಬೇಕು. ಸೀರೆ, ಚೂಡಿದಾರ, ಪ್ಯಾಂಟು ಮೂರಕ್ಕೂ ಒಗ್ಗುವಂಥ, ಮುಂದೆ ಗುಂಡಿಯಿರುವ ಒಂದೇ ಒಂದು ಕಾರ್ಡಿಗನ್ ಹೆಣೆದುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಉಡುವ ಬಟ್ಟೆಗಳನ್ನೆಲ್ಲ ಹಗಲು ಬೆಳಕಿನಲ್ಲಿ ಮಂಚದ ಮೇಲೆ ಹರಡಿ. ನಿಜವಾಗಿ ಉಡುವಂಥವು ಮಾತ್ರ. ಮದುವೆಗೆಂದು ಎತ್ತಿಟ್ಟದ್ದು ಬೇಡ. ಒಡಲಿನ ಬಣ್ಣಗಳು ನೂರಿದ್ದರೂ ಅಂಚಿನಲ್ಲಿ, ಚೌಕಳಿಯ ಗೆರೆಯಲ್ಲಿ, ರವಿಕೆಯಲ್ಲಿ ಎರಡು ಮೂರು ಬಣ್ಣ ಮತ್ತೆ ಮತ್ತೆ ಕಾಣಿಸುತ್ತವೆ. ಸ್ವೆಟರಿನ ಬಣ್ಣ ಅಲ್ಲೇ ಇರುತ್ತದೆ. ಕಪ್ಪು ಎಲ್ಲಕ್ಕೂ ಹೊಂದುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತೆಳು ಹತ್ತಿ ಸೀರೆಯ ಮೇಲೆ ಅದು ಹೇರಿದಂತೆ ಕಾಣುತ್ತದೆ. ಕೆಂಪು ಸೆರಗಿನ ಇಳಕಲ್ ಸೀರೆಗೂ ಹಸಿರು ಕುರ್ತಾಕ್ಕೂ ಒಟ್ಟಿಗೆ ಒಪ್ಪುವುದು ಆನೆಬಣ್ಣ. ಅದರಲ್ಲೂ ಎರಡು ಮೂರು ಛಾಯೆಯ ಎಳೆ ಬೆರೆತ ಬೂದು ನೂಲು ಅಕ್ಕಪಕ್ಕದ ಬಣ್ಣವನ್ನು ಬಲುಬೇಗ ಒಪ್ಪಿಕೊಳ್ಳುತ್ತದೆ.

ಮುಂದಿನದು ನೂಲಿನ ದಪ್ಪ. ಬೆಂಗಳೂರಿನಲ್ಲಿ 1884ರ ಜನವರಿಯಲ್ಲಿ ತಾಪಮಾನ 7.8 ಡಿಗ್ರಿಗೆ ಇಳಿದದ್ದು ಈಗಲೂ ದಾಖಲೆ. ಇಂದಿನ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿ, ಮಧ್ಯಾಹ್ನ 27ರ ಆಸುಪಾಸು. ಬೆಳಿಗ್ಗೆ ತೊಟ್ಟದ್ದನ್ನು ಹತ್ತು ಗಂಟೆಗೆ ಮಡಚಿ ಬ್ಯಾಗಿಗೆ ಹಾಕುವ ಊರಿದು. ಶಿಮ್ಲಾಕ್ಕೆ ಹೊಂದುವ ದಪ್ಪ ಉಲ್ಲನ್ ಇಲ್ಲಿ ದಂಡ. ಡಬಲ್ ನಿಟ್ಟಿಂಗ್ ದಪ್ಪದ ನೂಲು, ನಾಲ್ಕು ಮಿಲಿಮೀಟರಿನ ಕಡ್ಡಿ ಸಾಕು. ನಮ್ಮ ಅಂಗಡಿಗಳಲ್ಲಿ ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಅದಕ್ಕೆ 8ನೇ ನಂಬರು. ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಪೋನಿ ಹೆಸರಿನ ಕಡ್ಡಿಗಳ ಕಾರ್ಖಾನೆ ಇರುವುದೂ ದೂರದಲ್ಲಲ್ಲ, ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಗುವ ನೀಲಗಿರಿಯಲ್ಲಿ. ಅಕ್ರಿಲಿಕ್ ಅಗ್ಗ, ಒಗೆಯಲು ಸುಲಭ, ಆದರೆ ಬಿಸಿಲೇರಿದರೆ ಮೈ ಬೆವರುತ್ತದೆ, ಬೇಗ ಗಂಟು ಏಳುತ್ತದೆ. ಕೈಗೆಟಕುವುದಾದರೆ ಮೆರಿನೊ ಉಣ್ಣೆಯೇ ಮೇಲು. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದನ್ನು ಮೀರಿಸುವಂಥದ್ದಿಲ್ಲ, ಕತ್ತಿಗೆ ತಾಗುವ ಸ್ವೆಟರಿಗೆ ಅಲ್ಲ.

ಸೀರೆ ಉಡುವವರು ಇನ್ನೊಂದು ನೋಡಬೇಕು. ಜರಿ ಅಂಚು ಸಡಿಲ ಕುಣಿಕೆಗೆ ಸಿಕ್ಕಿಕೊಂಡು ಎರಡನ್ನೂ ಹಾಳುಮಾಡುತ್ತದೆ. ಆದ್ದರಿಂದ ಬಿಗಿಯಾಗಿ ಹುರಿಮಾಡಿದ ನುಣುಪು ನೂಲು, ತೂತಿನ ಡಿಸೈನಿಲ್ಲದ ಸಾದಾ ಹೆಣಿಗೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಅಷ್ಟೇ. ಸೆರಗಿನ ನೆರಿಗೆಗಳು ಎಡ ಹೆಗಲ ಮೇಲೆ ಪದರ ಪದರವಾಗಿ ಕೂರುವುದರಿಂದ ಆ ಹೆಗಲು ಬಲಕ್ಕಿಂತ ಎತ್ತರ. ಹೆಗಲ ಮೇಲೆ ಹೊಲಿಗೆ ಬರುವ ಸ್ವೆಟರು ಅಲ್ಲಿ ಎಳೆಯುತ್ತದೆ. ಕತ್ತಿನಿಂದ ಕಂಕುಳಿನವರೆಗೆ ಓರೆಯಾಗಿ ಇಳಿಯುವ ರಾಗ್ಲಾನ್ ತೋಳಿಗೆ ಆ ತಕರಾರಿಲ್ಲ.

ಈ ತೋಳು ಹೆಸರು ಪಡೆದದ್ದು 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಲಾರ್ಡ್ ರಾಗ್ಲಾನ್‌ನಿಂದ. ಇದನ್ನು ಹೊಲಿಗೆಯಿಲ್ಲದೆ ಕತ್ತಿನಿಂದ ಕೆಳಕ್ಕೆ ಹೆಣೆಯುವ ಕ್ರಮವನ್ನು ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ‘ನಿಟ್ಟಿಂಗ್ ಫ್ರಮ್ ದ ಟಾಪ್’ ಪುಸ್ತಕದಲ್ಲಿ ವಿವರಿಸಿದರು. ಅಳತೆಯ ಭಯ ಬಿಡಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್. ಎದೆಸುತ್ತಿನ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ ಮಣಿಕಟ್ಟಿಗೆ ಅದರ ಶೇ 20, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು, ಕಂಕುಳಿಗೆ ಶೇ 8 ಎಂಬುದು ಅವರ ಲೆಕ್ಕ. ಯಾರ ಮೈಯಾದರೂ ಯಾವ ನೂಲಾದರೂ ಇದು ಹೊಂದುತ್ತದೆ. ಅಚ್ಚಾದ ಪ್ಯಾಟರ್ನಿಗೆ ಮೈ ಒಗ್ಗಿಸುವ ಬದಲು ಮೈಗೆ ಪ್ಯಾಟರ್ನು ಹುಟ್ಟಿಸಿಕೊಳ್ಳುವ ಸ್ವಾತಂತ್ರ್ಯ ಹೆಣೆಯುವವರಿಗೆ ಸಿಕ್ಕಿದ್ದು ಈ ಇಬ್ಬರಿಂದ ಎಂದೇ ನನ್ನ ನಂಬಿಕೆ.

ಲೆಕ್ಕ ಹೀಗೆ. ಬೀರುವಿನಲ್ಲಿ ನಿಮಗೆ ತುಂಬಾ ಹಿತವೆನಿಸುವ ಒಂದು ಮೇಲಂಗಿ ಇದ್ದೇ ಇರುತ್ತದೆ. ಅದನ್ನು ಹಾಸಿ ಅಳೆಯಿರಿ. ಸುತ್ತಳತೆ 100 ಸೆಂಟಿಮೀಟರ್ ಬಂತೆನ್ನಿ. ಆರಿಸಿದ ನೂಲಿನಲ್ಲಿ ಅಂಗೈಗಿಂತ ದೊಡ್ಡದೊಂದು ಚೌಕ ಹೆಣೆದು, ಒಗೆದು, ಒಣಗಿಸಿ, ನಡುವಿನ ಹತ್ತು ಸೆಂಟಿಮೀಟರಿನಲ್ಲಿ ಕುಣಿಕೆ ಎಣಿಸಿ. 22 ಇದ್ದರೆ ಇಡೀ ಸುತ್ತಿಗೆ 220. ಮಣಿಕಟ್ಟಿಗೆ 44, ಮೇಲ್ತೋಳಿಗೆ 73, ಕಂಕುಳಿಗೆ 18. ಈ ಚೌಕ ಬಿಟ್ಟು ಮುಂದೆ ಹೋಗುವ ಅವಸರ ಬೇಡ. ನಿಮ್ಮ ಕೈ ಸ್ವಲ್ಪ ಸಡಿಲವಾಗಿ 22ರ ಬದಲು 21 ಬಂದರೂ ಅದೇ 220 ಕುಣಿಕೆ ಸುಮಾರು 105 ಸೆಂಟಿಮೀಟರ್ ಆಗುತ್ತದೆ. ಐದು ಸೆಂಟಿಮೀಟರ್ ಅಂದರೆ ಒಂದು ಸೈಜೇ ಬದಲಾದಂತೆ.

ಹೆಣಿಗೆಯನ್ನು ಉದ್ದ ತಂತಿಯ ಸರ್ಕ್ಯುಲರ್ ಕಡ್ಡಿಯಲ್ಲಿ ಕತ್ತಿನ ಹಿಂದಿನಿಂದ ಆರಂಭಿಸಿ. ಬೆನ್ನು, ಎರಡು ತೋಳು, ಎರಡು ಮುಂಭಾಗ ಸೇರುವಲ್ಲಿ ನಾಲ್ಕು ಗೆರೆ. ಸಾಲು ಬಿಟ್ಟು ಸಾಲಿಗೆ ಪ್ರತಿ ಗೆರೆಯ ಆಚೆ ಈಚೆ ಒಂದೊಂದು ಕುಣಿಕೆ ಹೆಚ್ಚಿಸಿದರೆ ಒಟ್ಟು ಎಂಟು ಏರುತ್ತವೆ. ಮುಂಭಾಗ ಕೆಲವೇ ಕುಣಿಕೆಯಿಂದ ಶುರುವಾಗಿ ನಿಧಾನ ಒಳಗೆ ಬೆಳೆದರೆ ‘ವಿ’ ಕತ್ತು ಸಿಗುತ್ತದೆ. ಸೆರಗಿಗೂ ಸರಕ್ಕೂ ದುಪಟ್ಟಾಕ್ಕೂ ಅದೇ ಅನುಕೂಲ. ಕಂಕುಳಿಗೆ ಬಂದಾಗ ತೋಳಿನ ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಪಕ್ಕಕ್ಕಿಟ್ಟು, ಕಂಕುಳಿನ ಕುಣಿಕೆ ಹೊಸದಾಗಿ ಹಾಕಿ ಬೆನ್ನು ಮುಂಭಾಗಗಳನ್ನು ಕೂಡಿಸಬೇಕು. ಈ ಹಂತದಲ್ಲಿ ಅರ್ಧ ಸ್ವೆಟರು ತೊಟ್ಟು ನೋಡಬಹುದು. ಸೀರೆ ಉಟ್ಟು ಒಮ್ಮೆ, ಕುರ್ತಾ ತೊಟ್ಟು ಒಮ್ಮೆ ನೋಡಿ. ಬಿಗಿಯಾದರೆ ನಾಲ್ಕು ಸಾಲು ಬಿಚ್ಚಿದರಾಯಿತು.

ಉದ್ದ ನಿರ್ಧರಿಸುವುದೂ ಮೈಮೇಲೇ. ನೆರಿಗೆ ಸಿಕ್ಕಿಸಿದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತರೆ ಸೀರೆಗೂ ಪ್ಯಾಂಟಿಗೂ ನಡೆಯುತ್ತದೆ. ಕೆಳ ಅಂಚಿನ ರಿಬ್ ಸಡಿಲವಿರಲಿ, ಸೊಂಟ ಹಿಡಿಯಬಾರದು. ತೋಳು ಮುಕ್ಕಾಲಿಗೆ ನಿಲ್ಲಿಸುವುದೇ ನನಗಿಷ್ಟ. ಬಳೆ ಸಿಕ್ಕುವುದಿಲ್ಲ, ಸಿಂಕಿನ ಮುಂದೆ ಮತ್ತೆ ಮತ್ತೆ ಮಡಚಬೇಕಿಲ್ಲ. ಆಗ ತುದಿಯಲ್ಲಿ 44ರ ಬದಲು 56 ಕುಣಿಕೆ ಉಳಿಸಿಕೊಳ್ಳಿ. ಗುಂಡಿಗಳನ್ನು ಕೊನೆಗೆ ಕೊಳ್ಳಿ, ಹೆಣೆದದ್ದನ್ನೇ ಅಂಗಡಿಗೆ ಒಯ್ದು. ತೆಂಗಿನ ಚಿಪ್ಪಿನ ಕಂದು ಗುಂಡಿ ಬೂದುಬಣ್ಣದ ಮೇಲೆ ಬಹಳ ಚೆನ್ನ.

ಸುಮಾರು 400 ಗ್ರಾಂ ನೂಲು ಹಿಡಿಸುತ್ತದೆ. ಎಲ್ಲ ಉಂಡೆಗಳ ಚೀಟಿಯಲ್ಲಿ ಡೈ ಲಾಟ್ ನಂಬರು ಒಂದೇ ಇದೆಯೇ ನೋಡಿ. ಬೇರೆಯಾದರೆ ಅದೇ ಬಣ್ಣವೂ ಬಿಸಿಲಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಒಂದು ಉಂಡೆ ಹೆಚ್ಚಿಗೇ ತನ್ನಿ. ಮೇಲಿನಿಂದ ಕೆಳಕ್ಕೆ ಹೆಣೆದ ತೋಳು ಮುಗಿಯುವುದು ತುದಿಯಲ್ಲಿ. ಮೊಣಕೈ ದಾಟಿ ಇನ್ನಷ್ಟು ಬೇಕೆನಿಸಿದ ವರ್ಷ ಆ ತುದಿಯ ರಿಬ್ ಬಿಚ್ಚಿ, ಉಳಿದ ಉಂಡೆಯಿಂದ ಮಣಿಕಟ್ಟಿನವರೆಗೂ ಮುಂದುವರಿಸಬಹುದು.