ಉಣ್ಣೆಯ ಎಂಜಲಿಗೆ ನಾಟಿ ಹಸುವಿನ ಉತ್ತರ

ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಂಚಿನ ಊರುಗಳಲ್ಲಿ ಎರಡು ಬಗೆಯ ದನಗಳಿವೆ. ಬೆಳಗಾದರೆ ಮೇಯಲು ಹೊರಡುವ ನಾಟಿ ದನ ಒಂದು. ಇವುಗಳ ಸಗಣಿ ಗೊಬ್ಬರ ಲಾರಿ ಹತ್ತಿ ಕೇರಳದ ಕಾಫಿ ತೋಟಗಳಿಗೂ ಹೋಗಿದೆ. ಇನ್ನೊಂದು, ಡೇರಿಗೆ ಹಾಲು ಹಾಕಲು ಕಟ್ಟಿ ಸಾಕುವ ಸೀಮೆ ಹಸು. ಸೀಮೆ ಹಸುವಿನ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿದರೆ ಹರಳು ಬೀಜದಂತೆ ಊದಿಕೊಂಡ ಉಣ್ಣೆಗಳು ಸಿಗುತ್ತವೆ. ಉಣ್ಣೆ ತುಂಬಿದ ಹುಲ್ಲಿನಲ್ಲೇ ಓಡಾಡಿ ಬರುವ ನಾಟಿ ಹಸುವಿನ ಮೈಮೇಲೆ ಅಷ್ಟು ಇರುವುದಿಲ್ಲ. ಯಾಕೆ?

ಉತ್ತರ ಉಣ್ಣೆಯ ಎಂಜಲಿನಲ್ಲಿದೆ. ಉಣ್ಣೆ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗ. ಸೊಳ್ಳೆ ಕ್ಷಣದಲ್ಲಿ ರಕ್ತ ಹೀರಿ ಹಾರಿಬಿಡುತ್ತದೆ. ಉಣ್ಣೆ ದಿನಗಟ್ಟಲೆ ಕಚ್ಚಿಕೊಂಡೇ ಇರಬೇಕು. ಸೀಮೆ ಹಸುವಿನ ಮೇಲೆ ಹೆಚ್ಚಾಗಿ ಕಾಣುವ ರಿಪಿಸೆಫಾಲಸ್ ಜಾತಿಯದು ಮರಿಯಾಗಿ ಹತ್ತಿ, ಅದೇ ಹಸುವಿನ ಮೇಲೆ ಬೆಳೆದು, ಸುಮಾರು ಮೂರು ವಾರದ ಮೇಲೆ ಮೊಟ್ಟೆಯಿಡಲು ಉದುರುತ್ತದೆ. ಅಷ್ಟು ಕಾಲ ಹಸುವಿಗೆ ಗೊತ್ತಾಗದಂತೆ ಇರುವುದು ಸುಲಭವಲ್ಲ. ಅದಕ್ಕೇ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನುಗಳಿವೆ, ತುರಿಕೆ ಹುಟ್ಟಿಸುವ ಹಿಸ್ಟಮಿನ್ನನ್ನು ಹಿಡಿದುಹಾಕುವ ಪ್ರೋಟೀನುಗಳಿವೆ, ರಕ್ಷಣೆಗೆ ಬರುವ ಬಿಳಿ ರಕ್ತಕಣಗಳ ದಾರಿ ತಪ್ಪಿಸುವಂಥವೂ ಇವೆ.

ಆದರೆ ದೇಹ ಕಲಿಯುತ್ತದೆ. 1939ರಲ್ಲಿ ಅಮೆರಿಕದ ವಿಲಿಯಂ ಟ್ರೇಗರ್ ಗಿನಿಯಿಲಿಗಳಿಗೆ ಉಣ್ಣೆ ಮರಿಗಳನ್ನು ಹತ್ತಿಸಿ ನೋಡಿದರು. ಮೊದಲ ಸಲ ಹತ್ತಿಸಿದ ಮರಿಗಳು ಹೊಟ್ಟೆ ತುಂಬ ಕುಡಿದವು; ಅದೇ ಗಿನಿಯಿಲಿಗಳಿಗೆ ಮತ್ತೊಮ್ಮೆ ಹತ್ತಿಸಿದ ಮರಿಗಳು ಸರಿಯಾಗಿ ಕುಡಿಯಲಾರದೆ ಹೋದವು. ಎಂಜಲಿನ ಪರಿಚಯವಾದ ಚರ್ಮದಲ್ಲಿ ಬೇಸೊಫಿಲ್ ಎಂಬ ರಕ್ತಕಣಗಳು ಕಚ್ಚಿದ ಜಾಗಕ್ಕೆ ಧಾವಿಸುತ್ತವೆ, ಹಿಸ್ಟಮಿನ್ ಸುರಿಯುತ್ತವೆ. ನವೆಯಾದ ಕಡೆ ಹಸು ನೆಕ್ಕುತ್ತದೆ, ಮರಿ ಉಣ್ಣೆ ಕಿತ್ತು ಬೀಳುತ್ತದೆ. ನಾವು ಕಿರಿಕಿರಿ ಅಂದುಕೊಳ್ಳುವ ನವೆಯೇ ಹಸುವಿನ ಆಯುಧ. ಈ ಪಾಠವನ್ನು ಎಲ್ಲ ದನಗಳೂ ಅಷ್ಟಿಷ್ಟು ಕಲಿಯುತ್ತವೆ; ಹಳ್ಳಿಕಾರ್ ಸೇರಿದಂತೆ ಹಿಣಿಲಿರುವ ನಮ್ಮ ದನಗಳ ಬಳಗ ಯುರೋಪಿನ ತಳಿಗಳಿಗಿಂತ ಚೆನ್ನಾಗಿ ಕಲಿಯುತ್ತದೆ.

ಇದು ಬರೀ ರಕ್ತ ಉಳಿಸಿಕೊಳ್ಳುವ ಮಾತಲ್ಲ. ಕೊಟ್ಟಿಗೆ ಗೋಡೆಯ ಬಿರುಕುಗಳಲ್ಲಿ ಅಡಗುವ ಹಯಲೊಮ್ಮಾ ಉಣ್ಣೆ ಥೈಲೇರಿಯಾ ಎಂಬ ಏಕಕೋಶ ಪರಾವಲಂಬಿಯನ್ನು ಹೊತ್ತಿರುತ್ತದೆ. ಅದು ತಗುಲಿದ ಮಿಶ್ರತಳಿಯ ಸೀಮೆ ಹಸುವಿಗೆ ವಿಪರೀತ ಜ್ವರ, ಭುಜದ ಮುಂದೆ ಗಡ್ಡೆಯಂಥ ಊತ, ರಕ್ತಹೀನತೆ. ಹಾಲು ನಿಲ್ಲುತ್ತದೆ, ಎಷ್ಟೋ ಸಲ ಹಸುವೇ ಉಳಿಯುವುದಿಲ್ಲ. ಗಮನಿಸಬೇಕಾದದ್ದು ಇಲ್ಲಿದೆ: ಉಣ್ಣೆ ಕಚ್ಚಿದ ಗಳಿಗೆಯಲ್ಲೇ ಥೈಲೇರಿಯಾ ದಾಟುವುದಿಲ್ಲ. ರಕ್ತ ಹೀರತೊಡಗಿ ಎರಡು ಮೂರು ದಿನವಾದ ಮೇಲೆಯೇ ಅದು ಎಂಜಲ ಗ್ರಂಥಿಯಲ್ಲಿ ಬಲಿಯುವುದು. ಅಷ್ಟರೊಳಗೆ ಉಣ್ಣೆ ಬಿದ್ದುಹೋದರೆ ಹಸು ಬಚಾವ್. ದಿನಾ ಮೈ ಸವರಿ ಉಣ್ಣೆ ಕೀಳುವ ಮನೆಯ ಹೆಂಗಸರು ಈ ಗಡುವಿನೊಳಗೇ ಕೆಲಸ ಮುಗಿಸುತ್ತಿರುತ್ತಾರೆ.

ಉಣ್ಣೆ ತರುವ ಎಲ್ಲ ರೋಗಕ್ಕೂ ಈ ಗಡುವಿನ ಲೆಕ್ಕ ನಡೆಯದು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತು, ಅವನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಮಂಗನ ಕಾಯಿಲೆ ಬಂತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಪರಾವಲಂಬಿಯದಲ್ಲ, ವೈರಸ್ಸಿನದು. ಇದನ್ನು ಹರಡುವ ಉಣ್ಣೆ ದೊಡ್ಡದಾದ ಮೇಲೆ ದನದ ರಕ್ತ ಕುಡಿದು ಸಂತಾನ ಹೆಚ್ಚಿಸಿಕೊಳ್ಳುತ್ತದೆ. ದನಕ್ಕೆ ಮಾತ್ರ ಕಾಯಿಲೆ ಬರುವುದಿಲ್ಲ. ಹಾಗಾಗಿ ಕಾಡಂಚಿನ ದನದ ಮೈಯಲ್ಲಿ ಉಣ್ಣೆ ಕಡಿಮೆಯಿದ್ದಷ್ಟೂ ಮನುಷ್ಯರಿಗೆ ಒಳ್ಳೆಯದು.

ಹಾಲು ಬೇಕು ಎಂದು ಸೀಮೆ ಹಸು ತಂದ ರೈತನನ್ನು ನಾನು ದೂರಲಾರೆ. ಆದರೆ ತಳಿ ಆರಿಸುವಾಗ ಲೀಟರಿನ ಜತೆ ಉಣ್ಣೆಯನ್ನೂ ಎಣಿಸಲೇಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1960ರ ದಶಕದಲ್ಲಿ ಈ ಕೆಲಸ ಶುರುವಾಯಿತು: ಹಿಣಿಲಿರುವ ಸಾಹಿವಾಲ್ ತಳಿಯನ್ನು ಯುರೋಪಿನ ಫ್ರೀಸಿಯನ್ ಜತೆ ಕೂಡಿಸಿ, ಹಾಲೂ ಇರುವ, ಉಣ್ಣೆಯನ್ನೂ ತಡೆಯುವ ಹಸುಗಳನ್ನೇ ಉಳಿಸಿಕೊಂಡರು. ಉಣ್ಣೆ ಎಣಿಸುವ ವಿಧಾನವೂ ಸರಳ: ಹಸುವಿನ ಒಂದು ಮಗ್ಗುಲಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ದಾಟಿ ಊದಿದ ಉಣ್ಣೆ ಎಷ್ಟಿವೆ ಎಂದು ನೋಡಿ, ಎರಡರಿಂದ ಗುಣಿಸುವುದು. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಯಾವ ಕೊಟ್ಟಿಗೆಯಲ್ಲಾದರೂ ನಾಳೆ ಬೆಳಗ್ಗೆ ಹಾಲು ಕರೆಯುವ ಮುಂಚೆ ಇದನ್ನು ಮಾಡಬಹುದು.