ಮಿತವ್ಯಯದಲ್ಲಿ ಕುಟುಂಬದ ಡೇರೆ ಪ್ರವಾಸ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಶಾಲೆಗಳಿಗೆ ರಜೆ ದೊರೆತ ಕೂಡಲೇ ಮಕ್ಕಳೊಂದಿಗೆ ಎರಡು ಮೂರು ದಿನ ಹೊರಗೆ ಹೋಗಿಬರಬೇಕೆಂಬ ಅಪೇಕ್ಷೆ ಎಲ್ಲ ಕುಟುಂಬಗಳಲ್ಲಿಯೂ ಸಹಜ. ಸೀಮಿತ ಆದಾಯದ ಕುಟುಂಬಗಳಲ್ಲಿ ಈ ಅಪೇಕ್ಷೆಗೆ ಮೊದಲು ಅಡ್ಡಿಯಾಗುವುದು ವಸತಿಗೃಹದ ಬಾಡಿಗೆ, ಅನಂತರ ಹೋಟೆಲಿನ ಊಟದ ಖರ್ಚು. ಈ ಎರಡು ಬಾಬ್ತುಗಳನ್ನು ಏಕಕಾಲಕ್ಕೆ ತಗ್ಗಿಸುವ ಮಾರ್ಗವೆಂದರೆ ಡೇರೆಯಲ್ಲಿ ತಂಗಿ ಸ್ವಂತ ಊಟದ ವ್ಯವಸ್ಥೆ ಮಾಡಿಕೊಳ್ಳುವುದು. ಆದರೆ ಯಾವ ಖರ್ಚನ್ನು ಉಳಿಸಬಹುದು, ಯಾವುದನ್ನು ಉಳಿಸಲು ಹೋಗಬಾರದು ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯ.

ಬಯಲಿನಲ್ಲಿ ಬಿಡಾರ ಹೂಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಭರತ ಹುಣ್ಣಿಮೆಯ ಸಮಯದಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಕುಟುಂಬಗಳು ಇಂದಿಗೂ ಬಯಲಿನಲ್ಲಿಯೇ ತಂಗಿ, ಅಡುಗೆ ಮಾಡಿ, ನೈವೇದ್ಯ ಸಲ್ಲಿಸಿ ಹಿಂದಿರುಗುತ್ತವೆ. ಬಾದಾಮಿಯ ಬನಶಂಕರಿ ಜಾತ್ರೆಗೂ ಹೀಗೆಯೇ ಬುತ್ತಿ ಕಟ್ಟಿಕೊಂಡು ಬರುವವರುಂಟು. ಈ ಕುಟುಂಬಗಳು ಹೊಸ ಸಾಮಾನು ಕೊಳ್ಳುವುದಿಲ್ಲ. ಮನೆಯಲ್ಲಿರುವುದನ್ನೇ ಕಟ್ಟಿಕೊಂಡು ಬಂದು ಒಂದೇ ಸ್ಥಳದಲ್ಲಿ ಇಳಿಯುತ್ತವೆ. ಮಿತವ್ಯಯದ ಪ್ರವಾಸಕ್ಕೆ ಬೇಕಾದ ಮುಖ್ಯ ತಿಳಿವಳಿಕೆ ಇದರಲ್ಲಿಯೇ ಇರುತ್ತದೆ.

ಖರ್ಚಿನ ಲೆಕ್ಕ

ಡೇರೆಯ ಬೆಲೆಯನ್ನು ಒಂದೇ ಪ್ರವಾಸದ ಖಾತೆಗೆ ಹಾಕಿದಲ್ಲಿ ವಸತಿಗೃಹವೇ ಅಗ್ಗವೆಂದು ತೋರುವುದುಂಟು. ಡೇರೆಯು ಬಂಡವಾಳ ವೆಚ್ಚವಾಗಿದ್ದು, ಅದನ್ನು ಬಳಸುವ ಒಟ್ಟು ರಾತ್ರಿಗಳಿಗೆ ಹಂಚಿ ಲೆಕ್ಕ ಹಾಕತಕ್ಕದ್ದು. ವರ್ಷಕ್ಕೆ ಒಂದು ಬಾರಿಗಿಂತ ಹೆಚ್ಚು ಹೋಗಲಾಗದ ಕುಟುಂಬವು ಡೇರೆಯನ್ನು ಬಾಡಿಗೆಗೆ ಪಡೆಯುವುದು, ಅಥವಾ ಎರಡು ಮೂರು ಕುಟುಂಬಗಳು ಸೇರಿ ಒಂದನ್ನು ಕೊಂಡು ಸರದಿಯಂತೆ ಬಳಸುವುದು ಲಾಭದಾಯಕ. ನಾಲ್ಕು ಜನರ ಡೇರೆ ಎಂದು ನಮೂದಿಸಿದ್ದರೆ ನಾಲ್ವರು ಒತ್ತಾಗಿ ಮಲಗುವಷ್ಟು ಸ್ಥಳವೆಂದೇ ಅರ್ಥ. ಸಾಮಾನಿಗೆ ಅದರಲ್ಲಿ ಜಾಗವಿರುವುದಿಲ್ಲ.

ಹಾಸಿಗೆಗೆಂದು ವಿಶೇಷ ಖರ್ಚು ಅನಗತ್ಯ. ಚಳಿಯು ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಹೆಚ್ಚಾಗಿ ತಾಗುವುದರಿಂದ, ಹೊದೆಯುವುದಕ್ಕಿಂತ ಹಾಸುವುದಕ್ಕೆ ಹೆಚ್ಚು ಗಮನ ನೀಡಬೇಕು. ಕೆಳಗೆ ಟಾರ್ಪಾಲು, ಅದರ ಮೇಲೆ ಹಳೆಯ ವೃತ್ತಪತ್ರಿಕೆಗಳ ಪದರ, ನಂತರ ಜಮಖಾನ ಇದ್ದರೆ ಸಾಕು. ಟಾರ್ಪಾಲಿನ ಅಂಚು ಡೇರೆಯಿಂದ ಹೊರಗೆ ಚಾಚಿರಬಾರದು. ಚಾಚಿದ್ದಲ್ಲಿ ಮಳೆಯ ನೀರು ಅದರ ಮೇಲೆ ಸಂಗ್ರಹವಾಗಿ ಡೇರೆಯ ಅಡಿಗೇ ಹರಿಯುತ್ತದೆ. ಕುರಿಯ ಉಣ್ಣೆಯ ಕಂಬಳಿಯು ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಈ ಗುಣ ಹತ್ತಿಯ ರಜಾಯಿಗೆ ಇಲ್ಲ.

ಪ್ರಯಾಣದ ಬಾಬ್ತಿನಲ್ಲಿ, ದಿನಕ್ಕೊಂದು ಊರು ಸುತ್ತುವ ಬದಲು ಒಂದೇ ಕಡೆ ಎರಡು ರಾತ್ರಿ ತಂಗಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ದಿನಾಂಕ 11-06-2023 ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ಮಹಿಳೆಯರು ಹಾಗೂ ಬಾಲಕಿಯರು ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಹವಾನಿಯಂತ್ರಿತ, ರಾಜಹಂಸ ಮುಂತಾದ ಐಷಾರಾಮಿ ಬಸ್ಸುಗಳಿಗೆ ಹಾಗೂ ಅಂತರರಾಜ್ಯ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ರೈಲಿನ ಕಾಯ್ದಿರಿಸಿದ ದರ್ಜೆಗಳಲ್ಲಿ, 2016ರ ಏಪ್ರಿಲ್‌ನಿಂದ, 5 ವರ್ಷ ತುಂಬಿದ ಹಾಗೂ 12 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಿದ್ದರೆ ಪೂರ್ಣ ದರ ತೆರಬೇಕು. ಬರ್ತ್ ಬೇಡವೆಂದಲ್ಲಿ ಅರ್ಧ ದರ. ಹಗಲಿನ ಬಸ್ಸಿನಲ್ಲಿ ತಲುಪಬಹುದಾದ ಸ್ಥಳವನ್ನು ಆರಿಸಿಕೊಂಡರೆ ಈ ಪ್ರಶ್ನೆಯೇ ಉದ್ಭವಿಸದು.

ಆಹಾರ, ಇಂಧನ ಮತ್ತು ನೀರು

ಎಲ್ಲ ಊಟವನ್ನೂ ಅಲ್ಲಿಯೇ ಬೇಯಿಸಬೇಕೆಂಬ ಭಾವನೆ ಸರಿಯಲ್ಲ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ರಾಗಿ ಹುರಿಹಿಟ್ಟು, ತಂಬಿಟ್ಟು, ಅವಲಕ್ಕಿ ಇವು ಕೆಡದೆ ಉಳಿಯುವ, ಒಲೆಯೇ ಬೇಡದ ಆಹಾರಗಳು. ಇವುಗಳೊಂದಿಗೆ ಸ್ಥಳೀಯ ಸಂತೆಯ ಬಾಳೆಹಣ್ಣು, ಸೌತೆಕಾಯಿ, ಮೊಸರು ಸೇರಿದರೆ ನಾಲ್ವರ ಕುಟುಂಬಕ್ಕೆ ಎರಡು ದಿನ ನಿಶ್ಚಿಂತೆ. ಬಿಸಿ ಅನ್ನವಿಲ್ಲದೆ ಆಗದು ಎನ್ನುವವರಿಗೆ ಹತ್ತಿರದ ಊರಿನ ಖಾನಾವಳಿಯಲ್ಲಿ ದಿನಕ್ಕೆ ಒಂದು ಊಟ ಹೇಳಿಡುವುದು, ಒಲೆ ಮತ್ತು ಪಾತ್ರೆಗಳನ್ನು ಹೊತ್ತೊಯ್ಯುವುದಕ್ಕಿಂತ ಸುಲಭ.

ಉಳಿತಾಯದ ಹೆಸರಿನಲ್ಲಿ ಮನೆಯ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಅಥವಾ ಸ್ಟೌವನ್ನು ಬಸ್ಸು, ರೈಲುಗಳಲ್ಲಿ ಕೊಂಡೊಯ್ಯುವ ಪ್ರವೃತ್ತಿ ಅತ್ಯಂತ ಅಪಾಯಕಾರಿ. 2023ರ ಆಗಸ್ಟ್ 26ರ ಮುಂಜಾನೆ ಮಧುರೈ ರೈಲು ನಿಲ್ದಾಣದ ಬಳಿ ನಿಲ್ಲಿಸಲಾಗಿದ್ದ ಪ್ರವಾಸಿಗರ ಬೋಗಿಯಲ್ಲಿ ಬೆಂಕಿ ಹೊತ್ತಿ 9 ಮಂದಿ ಮೃತಪಟ್ಟರು. ಲಖನೌದಿಂದ ಯಾತ್ರೆಗೆ ಬಂದಿದ್ದ ಅವರ ಬೋಗಿಯೊಳಗೆ ನಿಯಮಬಾಹಿರವಾಗಿ ಸಿಲಿಂಡರ್ ತರಲಾಗಿತ್ತು. ರೈಲ್ವೆ ಕಾಯ್ದೆ 1989ರ ಕಲಂ 164ರನ್ವಯ ಅಪಾಯಕಾರಿ ವಸ್ತುಗಳನ್ನು ಕಾನೂನುಬಾಹಿರವಾಗಿ ರೈಲಿನಲ್ಲಿ ಒಯ್ದವರಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಾಫಿ ಕಾಯಿಸಿಕೊಳ್ಳುವ ಅನುಕೂಲಕ್ಕೆ ಇದು ತೀರಾ ದುಬಾರಿಯಾದ ಬೆಲೆ.

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದರೂ ನಾಲ್ವರಿಗೆ ಮೂರು ದಿನಗಳಿಗೆ 48 ಲೀಟರ್ ನೀರು ಬೇಕು. ಇಷ್ಟನ್ನು ಹೊತ್ತು ತರುವುದು ಅಸಾಧ್ಯ. ಆದುದರಿಂದ ಸ್ಥಳದ ಆಯ್ಕೆಯಲ್ಲಿ ನೋಟಕ್ಕಿಂತ ಮೊದಲು ನೀರಿನ ಮೂಲವನ್ನು ವಿಚಾರಿಸತಕ್ಕದ್ದು. ಹೊಳೆ ಅಥವಾ ಬಾವಿಯ ನೀರನ್ನು ಸೋಸಿ, ಕುದಿ ಬಂದ ನಂತರವೂ ಕನಿಷ್ಠ ಒಂದು ನಿಮಿಷ ಕುದಿಸಿ ಕುಡಿಯಬೇಕು. ಕುದಿಸಲು ಸೌಲಭ್ಯವಿಲ್ಲದ ಕಡೆ ಊರಿನ ಶುದ್ಧ ನೀರಿನ ಘಟಕದಿಂದ ತುಂಬಿಕೊಳ್ಳುವುದು ಸೂಕ್ತ.

ಡೇರೆ ಎಲ್ಲಿ ಹೂಡಬಹುದು

ಕಾಡಿನಲ್ಲಿ ತಂಗಲು ಹಣ ಕೊಡಬೇಕಿಲ್ಲ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರ ಪ್ರಕಾರ ಅಭಯಾರಣ್ಯದೊಳಗೆ ಪ್ರವೇಶಿಸಲು ಪರವಾನಗಿ ಬೇಕು. ಅಲ್ಲಿ ಬೆಂಕಿ ಹೊತ್ತಿಸುವುದನ್ನು ಕಲಂ 30 ನಿಷೇಧಿಸುತ್ತದೆ. ಮೀಸಲು ಅರಣ್ಯಗಳಿಗೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಕಲಂ 24 ಅನ್ವಯಿಸುತ್ತದೆ. ಇದು ಕೇವಲ ಕಾಗದದ ನಿಯಮವಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಅನುಮತಿ ಪಡೆದು ಹೋದವರ ಹೆಸರು ದಾಖಲೆಯಲ್ಲಿರುವುದರಿಂದ, ಆಪತ್ತಿನಲ್ಲಿ ಅವರನ್ನು ಹುಡುಕಲು ಸಾಧ್ಯವಾಗುತ್ತದೆ.

ಕುಟುಂಬಗಳಿಗೆ ಹೆಚ್ಚು ಸೂಕ್ತವಾದುದು ಹಳ್ಳಿಯ ಅಂಚಿನ ತೋಟ, ಸುಗ್ಗಿ ಮುಗಿದ ಹೊಲ ಅಥವಾ ಹೋಮ್‌ಸ್ಟೇ ಆವರಣ. ಮಾಲೀಕರ ಒಪ್ಪಿಗೆ ಪಡೆದು, ಶೌಚಾಲಯದ ಬಳಕೆಗೂ ಸೇರಿಸಿ ಒಂದು ಮೊತ್ತ ನಿಗದಿಪಡಿಸಿಕೊಂಡರೆ ವಿವಾದಕ್ಕೆ ಅವಕಾಶವಿರುವುದಿಲ್ಲ. ಶೌಚಾಲಯದ ಖರ್ಚನ್ನು ಉಳಿಸಲು ಹೋಗಬಾರದು. ಮಹಿಳೆಯರು, ಮಕ್ಕಳು ಮತ್ತು ವೃದ್ಧರಿರುವ ಕುಟುಂಬಕ್ಕೆ ಪ್ರವಾಸವು ಸಂತೋಷವೋ ಶಿಕ್ಷೆಯೋ ಎಂಬುದು ಬಹುಪಾಲು ಇದರಿಂದಲೇ ನಿರ್ಧಾರವಾಗುತ್ತದೆ.

ನದಿಯ ಮರಳದಿಣ್ಣೆಯ ಮೇಲೆ ಡೇರೆ ಹೂಡಕೂಡದು. ಮೇಲ್ಭಾಗದ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಸ್ಥಳದಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಕಾವೇರಿ ದಂಡೆಯ ಸಂಗಮ, ಮೇಕೆದಾಟು, ಮುತ್ತತ್ತಿಗಳಲ್ಲಿ ನೀರು ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿದ್ದು, ಈಜಲು ಇಳಿದವರು ಮೃತಪಟ್ಟ ಪ್ರಕರಣಗಳು ಹಲವಾರು.

ಋತು ಮತ್ತು ಆರೋಗ್ಯ

ಮಕ್ಕಳಿಗೆ ದೀರ್ಘ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳೇ ಸಿಡಿಲಿನ ಕಾಲವೂ ಹೌದು. ಡೇರೆಯ ಬಟ್ಟೆಯು ಸಿಡಿಲಿನಿಂದ ಯಾವ ರಕ್ಷಣೆಯನ್ನೂ ನೀಡುವುದಿಲ್ಲ. ಗುಡುಗು ಕೇಳಿಸಿದ ಕೂಡಲೇ ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲಿಯೇ ಇರಬೇಕು. ಒಂಟಿ ಮರದಡಿ ನಿಲ್ಲಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್‌ನಲ್ಲಿ ಮುನ್ಸೂಚನೆ ದೊರೆಯುತ್ತದೆ.

ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ವರೆಗೆ ಮಂಗನ ಕಾಯಿಲೆಯ ಅವಧಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಭಾಗದಲ್ಲಿ ಮೊದಲು ಪತ್ತೆಯಾದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ತರಗೆಲೆಗಳ ಮೇಲೆ ಕೂರುವುದು, ಮಲಗುವುದು ಬೇಡ; ಸತ್ತ ಮಂಗ ಕಂಡಲ್ಲಿ ದೂರವಿದ್ದು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದಿರುಗಿದ ನಂತರ ಜ್ವರ ಬಂದರೆ ಪ್ರವಾಸದ ಸ್ಥಳವನ್ನು ವೈದ್ಯರಿಗೆ ಹೇಳುವುದನ್ನು ಮರೆಯಬಾರದು.

ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕೈಕಾಲು ಅಲುಗಾಡದಂತೆ ನೋಡಿಕೊಂಡು 108 ಆಂಬುಲೆನ್ಸ್ ಮೂಲಕ ಆಸ್ಪತ್ರೆಗೆ ಸಾಗಿಸಬೇಕು. ಇತರೆ ತುರ್ತು ಸಂದರ್ಭಗಳಿಗೆ 112. ಹೊರಡುವ ಮುನ್ನ ತಂಗುವ ಸ್ಥಳ ಹಾಗೂ ಮರಳುವ ದಿನವನ್ನು ನೆರೆಹೊರೆಯವರಿಗೆ ಬರೆದುಕೊಟ್ಟಿರುವುದು ಒಳ್ಳೆಯದು; ಬೆಟ್ಟದ ತಪ್ಪಲಿನಲ್ಲಿ ಮೊಬೈಲ್ ಸಂಕೇತ ಸಿಗುವ ಖಾತರಿ ಇಲ್ಲ.

ಮನೆಗೆ ಬಂದ ದಿನವೇ ಡೇರೆಯನ್ನು ತಾರಸಿಯ ಮೇಲೆ ಹರಡಿ, ಪೂರ್ಣ ಒಣಗಿಸಿ ಮಡಿಸತಕ್ಕದ್ದು. ತೇವದೊಂದಿಗೆ ಕಟ್ಟಿಟ್ಟ ಡೇರೆಯು ಬೂಷ್ಟು ಹಿಡಿದು ಮುಂದಿನ ರಜೆಯ ಹೊತ್ತಿಗೆ ಉಪಯೋಗಕ್ಕೆ ಬಾರದಂತಾಗುತ್ತದೆ.