ಮಾತು ಕೊಡದ ಜಾಲ

(ಬಾನುಲಿ ಭಾಷಣ)

ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗದಲ್ಲಿ ‘ದತ್ತಾಂಶ ಸಂವಹನ ಮತ್ತು ಕಂಪ್ಯೂಟರ್ ಜಾಲಗಳು’ ಎಂಬ ಪಾಠಕ್ರಮವೊಂದುಂಟು. ಹೆಸರನ್ನು ಕೇಳಿದೊಡನೆ ತಂತಿ, ಕಂಬ, ಯಂತ್ರಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಆ ಪಾಠಕ್ರಮದ ಒಡಲಲ್ಲಿರುವ ಪ್ರಶ್ನೆ ಈ ಎಲ್ಲ ಯಂತ್ರಗಳಿಗಿಂತ ಬಹಳ ಹಳೆಯದು. ದೂರದಲ್ಲಿರುವವರಿಗೆ ನಾವು ಹೇಳಿ ಕಳಿಸಿದ ಮಾತು ತಲುಪಿತೆಂದು ತಿಳಿಯುವುದು ಹೇಗೆ? ನಡುವಣ ದಾರಿಯನ್ನು ನಂಬಲಾಗದಿದ್ದರೂ ಮಾತನ್ನು ಕೆಡದಂತೆ, ಕಳೆಯದಂತೆ ಮುಟ್ಟಿಸಬಹುದೆ? ಈ ಪ್ರಶ್ನೆಗೆ ಈ ಶಾಸ್ತ್ರ ಕಂಡುಕೊಂಡ ಉತ್ತರ ವಿಚಾರಪರರೆಲ್ಲರೂ ತಿಳಿಯತಕ್ಕದ್ದು. ಏಕೆಂದರೆ ಇಂದು ನಮ್ಮ ಪತ್ರ, ಹಣ, ಮಾತುಕತೆಗಳೆಲ್ಲ ಆ ಉತ್ತರದ ಮೇಲೆಯೇ ನಿಂತಿವೆ.

ಯಂತ್ರದ ಲೋಕದಲ್ಲಿ ಮಾತಿನ ರೂಪವೇನೆಂಬುದನ್ನು ಮೊದಲು ಗಮನಿಸೋಣ. ಕಂಪ್ಯೂಟರಿಗೆ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲುದು ಒಂದು ಮತ್ತು ಸೊನ್ನೆ ಎಂಬ ಎರಡೇ ಅಂಕಿಗಳನ್ನು. ಇಂಥ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿ ಇದನ್ನು ಐದು ಚಿಹ್ನೆಗಳಾಗಿ ಬಿಡಿಸುತ್ತದೆ: ಕ, ನ, ಒತ್ತಕ್ಷರಕ್ಕೆ ಎಡೆಮಾಡುವ ಹಲಂತದ ಗುರುತು, ಮತ್ತೊಂದು ನ, ಕೊನೆಗೆ ಡ. ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿಯೊಂದು ಚಿಹ್ನೆಗೂ 24 ಬಿಟ್‌ಗಳು. ಅಲ್ಲಿಗೆ ನಮ್ಮ ನುಡಿಯ ಹೆಸರು 120 ಬಿಟ್‌ಗಳ ಒಂದು ಸಾಲು.

ಈ ಸಾಲು ತಂತಿಯಲ್ಲಿಯೋ ಗಾಳಿಯಲ್ಲಿಯೋ ಸಾಗುವಾಗ, ರೇಡಿಯೋದಲ್ಲಿ ಗರಗರ ಸದ್ದಾಗಿ ಕೇಳಿಬರುವಂಥ ವಿದ್ಯುತ್ ಗದ್ದಲ ಎಲ್ಲಿಯೋ ಒಂದೆಡೆ ಒಂದನ್ನು ಸೊನ್ನೆಯಾಗಿಸಬಹುದು. ಅದನ್ನು ಕಂಡುಹಿಡಿಯುವ ಅತಿ ಸರಳವಾದ ಉಪಾಯ ಹೀಗಿದೆ. ಏಳು ಬಿಟ್‌ಗಳ ಜೊತೆಗೆ ಎಂಟನೆಯದೊಂದನ್ನು ಸೇರಿಸಿ, ಒಟ್ಟಿನಲ್ಲಿ ‘ಒಂದು’ಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ಮಾಡುವುದು. ಆಚೆಯ ದಡದಲ್ಲಿ ಎಣಿಸಿದಾಗ ಅದು ಬೆಸವಾಗಿದ್ದರೆ ಏನೋ ಕೆಟ್ಟಿದೆಯೆಂದು ಅರ್ಥ. ಎರಡು ಬಿಟ್‌ಗಳು ಒಟ್ಟಿಗೆ ಕೆಟ್ಟರೆ ಲೆಕ್ಕ ಮತ್ತೆ ಸಮವಾಗಿ, ದೋಷ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಇದಕ್ಕಿಂತ ಬಿಗಿಯಾದ ಗಣಿತವನ್ನು ಬಳಸುತ್ತಾರೆ. ದೋಷವನ್ನು ಗುರುತಿಸುವುದಷ್ಟೇ ಅಲ್ಲ, ತಿದ್ದಬಲ್ಲ ಸಂಕೇತಗಳನ್ನೂ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. ತಿದ್ದಲಾಗದೆ ಉಳಿದದ್ದನ್ನು ಯಂತ್ರ ಎಸೆದುಬಿಡುತ್ತದೆ. ಹೀಗೆ ಕೆಟ್ಟ ಮಾತು ಕಳೆದ ಮಾತಾಗುತ್ತದೆ. ಮುಂದೆ ಉಳಿಯುವುದು ಕಳೆದದ್ದನ್ನು ಪಡೆಯುವ ಸಮಸ್ಯೆ.

ಮಾತು ಕಳೆಯುವುದಾದರೂ ಏಕೆ? ಹಳೆಯ ಟ್ರಂಕ್ ಕಾಲ್ ವ್ಯವಸ್ಥೆಯನ್ನು ನೆನಪಿಸಿಕೊಳ್ಳಿ. ಒಮ್ಮೆ ಕರೆ ಕೂಡಿತೆಂದರೆ ಊರಿಂದೂರಿಗೆ ಒಂದು ದಾರಿ ನಮಗಾಗಿಯೇ ಮೀಸಲು. ನಾವು ಮಾತನಾಡದೆ ಸುಮ್ಮನಿದ್ದರೂ ಆ ದಾರಿಯಲ್ಲಿ ಬೇರೊಬ್ಬರಿಗೆ ಪ್ರವೇಶವಿಲ್ಲ. ಕಂಪ್ಯೂಟರುಗಳ ಸ್ವಭಾವಕ್ಕೆ ಇದು ಹೊಂದದು. ಅವು ಒಂದು ಕ್ಷಣ ಭೋರ್ಗರೆದು ಬಹಳ ಹೊತ್ತು ಮೌನವಾಗಿರುವಂಥವು. 1960ರ ದಶಕದಲ್ಲಿ ಇಬ್ಬರು, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಪರಿಹಾರಕ್ಕೆ ಬಂದರು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬಾರನ್ ಅವರ ಚಿಂತೆ, ಅಣುಯುದ್ಧದಲ್ಲಿ ಕೆಲವು ಕೇಂದ್ರಗಳು ನಾಶವಾದರೂ ಸಂಪರ್ಕ ಉಳಿಯಬೇಕೆಂಬುದು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಅವರ ಚಿಂತೆ, ದುಬಾರಿ ಕಂಪ್ಯೂಟರನ್ನು ಅನೇಕರು ಹಂಚಿಕೊಂಡು ಬಳಸಬೇಕೆಂಬುದು. ಸಂದೇಶವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಬರೆದು, ಎಲ್ಲರ ತುಂಡುಗಳನ್ನೂ ಒಂದೇ ದಾರಿಯಲ್ಲಿ ಬೆರೆಸಿ ಕಳಿಸುವುದೇ ಆ ಪರಿಹಾರ. ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟವರು ಡೇವಿಸ್.

ಪ್ಯಾಕೆಟ್ಟುಗಳು ಕೂಡುವ ಕವಲುಗಳಲ್ಲೆಲ್ಲ ರೌಟರ್ ಎಂಬ ಯಂತ್ರವಿರುತ್ತದೆ. ಅದು ವಿಳಾಸವನ್ನು ನೋಡಿ ಪ್ಯಾಕೆಟ್ಟನ್ನು ಮುಂದಿನ ಕವಲಿಗೆ ದಾಟಿಸಿ ಮರೆತುಬಿಡುತ್ತದೆ. ಒಂದೇ ಪತ್ರದ ತುಂಡುಗಳು ಬೇರೆ ಬೇರೆ ದಾರಿ ಹಿಡಿಯಬಹುದು, ಹಿಂದಿನದು ಮುಂದಾಗಬಹುದು. ಸರತಿ ತುಂಬಿ ತುಳುಕಿದಾಗ ರೌಟರ್ ಹೊಸದಾಗಿ ಬಂದ ಪ್ಯಾಕೆಟ್ಟನ್ನು ಚೆಲ್ಲಿಬಿಡುತ್ತದೆ. ಚೆಲ್ಲಿದೆನೆಂದು ಸಾಮಾನ್ಯವಾಗಿ ಯಾರಿಗೂ ತಿಳಿಸುವುದಿಲ್ಲ. ಇಂಟರ್ನೆಟ್ಟಿನ ಮೂಲಸೇವೆ ಇಷ್ಟೇ. ಅದು ಯಥಾಶಕ್ತಿ ಸೇವೆ. ಕೈಲಾದಷ್ಟು ಮಾಡುತ್ತದೆ, ಮಾತು ಕೊಡುವುದಿಲ್ಲ.

ಮಾತು ಕೊಡದ ಇಂಥ ಜಾಲವನ್ನು ಬೇಕೆಂದೇ ಕಟ್ಟಿದ್ದು ವಿಚಿತ್ರವಾಗಿ ತೋರಬಹುದು. 1969ರ ಅಕ್ಟೋಬರ್ 29ರಂದು ಅರ್ಪಾನೆಟ್ ಜಾಲದಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದದ ಮೊದಲ ಎರಡು ಅಕ್ಷರಗಳು ತಲುಪಿ, ಅಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಆ ಜಾಲ ಮೊದಮೊದಲು ತಲುಪಿಸುವ ಹೊಣೆಯನ್ನು ತನ್ನ ನಡುದಾರಿಯ ಯಂತ್ರಗಳಿಗೇ ವಹಿಸಿತ್ತು. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲೂಯಿ ಪೂಜಾಂ ತಮ್ಮ ಸಿಕ್ಲಾಡ್ ಜಾಲದಲ್ಲಿ ಆ ಹೊಣೆಯನ್ನು ಎರಡು ತುದಿಗಳ ಕಂಪ್ಯೂಟರುಗಳಿಗೆ ಒಪ್ಪಿಸಿದರು. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ತಮ್ಮ ಪ್ರಬಂಧದಲ್ಲಿ ಇದೇ ಮಾರ್ಗವನ್ನು ಹಿಡಿದರು. ಅದರಿಂದ ಬೆಳೆದ ಟಿಸಿಪಿ/ಐಪಿ ನಿಯಮಾವಳಿಯನ್ನು ಅರ್ಪಾನೆಟ್ 1983ರ ಜನವರಿ 1ರಂದು ಅಂಗೀಕರಿಸಿತು. ಜಾಲವೇ ಎಲ್ಲ ಭರವಸೆಗಳನ್ನೂ ಕೊಡಬೇಕಾಗಿದ್ದರೆ ಉಪಗ್ರಹ, ರೇಡಿಯೋ, ದೂರವಾಣಿ ತಂತಿ ಮೊದಲಾದ ಭಿನ್ನ ಸ್ವಭಾವದ ಜಾಲಗಳನ್ನು ಒಂದಾಗಿ ಬೆಸೆಯುವುದು ಬಹು ಕಷ್ಟವಾಗುತ್ತಿತ್ತು. ಅವುಗಳಿಂದ ಕೇಳುವುದು ಅಲ್ಪವಾದ್ದರಿಂದಲೇ ಎಲ್ಲವೂ ಸೇರಿಕೊಳ್ಳಲು ಸಾಧ್ಯವಾಯಿತು.

ಹಾಗಾದರೆ ತುದಿಗಳು ಭರವಸೆಯನ್ನು ಕಟ್ಟುವುದು ಹೇಗೆ? ಉಪಾಯ ನಮಗೆ ಹೊಸದಲ್ಲ. ಅಶೋಕವನಕ್ಕೆ ಹೋದ ಹನುಮಂತ ರಾಮನ ಮುದ್ರೆಯುಂಗುರವನ್ನು ಒಯ್ದದ್ದು ತಾನು ಯಾರ ಕಡೆಯವನೆಂಬುದಕ್ಕೆ ಸಾಕ್ಷಿ. ಸೀತೆಯ ಚೂಡಾಮಣಿಯನ್ನು ತಂದದ್ದು ಮಾತು ತಲುಪಿತೆಂಬುದಕ್ಕೆ ಸಾಕ್ಷಿ. ಟಿಸಿಪಿಯಲ್ಲಿ ಕಳಿಸುವ ಯಂತ್ರ ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕುತ್ತದೆ, ಪಡೆದ ಯಂತ್ರ ‘ಇಲ್ಲಿಯವರೆಗೆ ಬಂದಿದೆ’ ಎಂದು ಸ್ವೀಕೃತಿ ಕಳಿಸುತ್ತದೆ. ನಿಗದಿಯಾದ ಹೊತ್ತಿನೊಳಗೆ ಸ್ವೀಕೃತಿ ಬಾರದಿದ್ದರೆ ಮೊದಲಿನ ಯಂತ್ರ ಅದೇ ತುಂಡನ್ನು ಮತ್ತೆ ಕಳಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸ್ವೀಕೃತಿ ಬರಲಿಲ್ಲವೆಂದರೆ ಕಳೆದದ್ದು ಯಾವುದು? ನಾವು ಕಳಿಸಿದ ಮಾತೋ, ಅತ್ತಲಿಂದ ಹೊರಟ ಸ್ವೀಕೃತಿಯೋ? ಕಳಿಸಿದವನಿಗೆ ಇದನ್ನು ತಿಳಿಯುವ ದಾರಿಯೇ ಇಲ್ಲ. ಆದುದರಿಂದ ಮತ್ತೆ ಕಳಿಸುವುದು ಅನಿವಾರ್ಯ. ಎರಡು ಬಾರಿ ಬಂದರೆ ಅದನ್ನು ಕ್ರಮಸಂಖ್ಯೆಯಿಂದ ಗುರುತಿಸಿ ಒಂದನ್ನು ಬಿಡುವುದು ಪಡೆದವನ ಕರ್ತವ್ಯ. ಇಂದು ಫೋನಿನಲ್ಲಿ ಹಣ ಕಳಿಸುವಾಗ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇದ್ದರೆ ನಮ್ಮನ್ನು ಕಾಡುವುದೂ ಇದೇ ಸಂದೇಹ. ಹಣ ಹೋಗಿಲ್ಲವೋ, ಹೋದ ಸುದ್ದಿಯಷ್ಟೇ ಬಂದಿಲ್ಲವೋ? ಯಂತ್ರ ತಾನಾಗಿ ಮರುಕಳಿಸುವ ತುಂಡಿಗೆ ಹಳೆಯ ಸಂಖ್ಯೆಯೇ ಇರುತ್ತದೆ. ನಾವು ಮತ್ತೊಮ್ಮೆ ಮೊತ್ತ ಬರೆದು ಕಳಿಸಿದರೆ ಅದು ಹೊಸ ಸಂಖ್ಯೆಯ ಹೊಸ ವ್ಯವಹಾರ. ಆದ್ದರಿಂದ ಖಾತೆಯನ್ನು ನೋಡಿಕೊಂಡು ಮುಂದುವರಿಯುವುದೇ ಕ್ಷೇಮ.

ಮತ್ತೆ ಮತ್ತೆ ಕಳಿಸುವ ಈ ಶ್ರದ್ಧೆಯೇ ಒಮ್ಮೆ ಜಾಲವನ್ನು ಕೊಲ್ಲುವ ಹಂತಕ್ಕೆ ಬಂದಿತ್ತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಇಳಿಯಿತು. ಎರಡು ಸ್ಥಳಗಳ ನಡುವಿನ ದೂರ 400 ಗಜ. ‘ಕನ್ನಡ’ ಎಂಬ ನಮ್ಮ 120 ಬಿಟ್‌ಗಳ ಪದವೊಂದು ದಾಟಲು ಮೂರು ಸೆಕೆಂಡು ಬೇಕಾಗುತ್ತಿತ್ತೆಂದರೆ ದುರವಸ್ಥೆಯನ್ನು ಊಹಿಸಬಹುದು; ನಡೆದು ಹೋಗಿ ಕಾಗದವನ್ನು ಕೈಗೆ ಕೊಟ್ಟು ಬರುವುದೇ ಮೇಲು. ತಂತಿಗಳೇನೂ ಕಡಿದಿರಲಿಲ್ಲ. ಸರತಿಗಳು ತುಂಬಿ ಸ್ವೀಕೃತಿಗಳು ತಡವಾದವು. ತಡವಾದದ್ದನ್ನು ಕಳೆದದ್ದೆಂದು ಬಗೆದು ಪ್ರತಿಯೊಂದು ಕಂಪ್ಯೂಟರೂ ಮತ್ತೆ ಕಳಿಸಿತು. ಅದರಿಂದ ಸರತಿಗಳು ಇನ್ನಷ್ಟು ತುಂಬಿದವು. ಕೊನೆಗೆ ದಾರಿಯ ತುಂಬ ಒಂದೇ ಮಾತಿನ ನಕಲುಗಳು.

ಆ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಇದನ್ನು ಪರೀಕ್ಷಿಸಿ 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಅದು ದಾರಿಯನ್ನು ಅಗಲಿಸುವ ಪರಿಹಾರವಲ್ಲ, ತುದಿಗಳ ನಡತೆಯನ್ನು ತಿದ್ದುವ ಪರಿಹಾರ. ಹೊಸ ಸಂಪರ್ಕ ಆರಂಭವಾದಾಗ ಅಲ್ಪ ಪ್ರಮಾಣದಲ್ಲಿ ಕಳಿಸತೊಡಗಬೇಕು. ಸ್ವೀಕೃತಿಗಳು ಬರಬರುತ್ತ ಪ್ರಮಾಣವನ್ನು ಏರಿಸುತ್ತ ಹೋಗಬೇಕು. ದಾರಿ ತುಂಬುವ ಮಟ್ಟ ಸಮೀಪಿಸಿದಾಗ ಆ ಏರಿಕೆ ನಿಧಾನವಾಗಬೇಕು. ಪ್ಯಾಕೆಟ್ ಕಳೆದರೆ ಅದನ್ನು ದಾರಿಯಲ್ಲಿ ನೂಕುನುಗ್ಗಲಾಗಿದೆ ಎಂಬ ಸೂಚನೆಯೆಂದು ತಿಳಿದು ಒಮ್ಮೆಲೇ ಹಿಂಜರಿಯಬೇಕು. ಏರುವಾಗ ಎಚ್ಚರ, ಇಳಿಯುವಾಗ ಉದಾರತೆ. ವಿವರಗಳು ಅಂದಿನಿಂದ ಬಹಳ ಬದಲಾಗಿವೆ. ಆದರೆ ಕಳಿಸುವವನು ತಾನೇ ಕೈ ಬಿಗಿಹಿಡಿಯಬೇಕೆಂಬ ತತ್ತ್ವ 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ನಿಯಮಾವಳಿಯಲ್ಲಿಯೂ ಉಳಿದುಬಂದಿದೆ.

ಜಾಲ ಹೀಗೆ ಬಿಕ್ಕಟ್ಟಿಗೆ ಸಿಕ್ಕಿದ ಅದೇ 1986ರಲ್ಲಿ ನಮ್ಮ ದೇಶದಲ್ಲಿ ಅರ್ನೆಟ್ ಯೋಜನೆ ಆರಂಭವಾಯಿತು. ಐದು ಐಐಟಿಗಳೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ತುದಿಗಳು ಸಂಯಮವನ್ನು ಕಲಿತಿದ್ದವು. ಆದುದರಿಂದಲೇ ಅಷ್ಟು ಜನ ಒಟ್ಟಿಗೆ ನುಗ್ಗಿದರೂ ಜಾಲ ಮುರಿದು ಬೀಳಲಿಲ್ಲ.

ಈ ಸಂಯಮವನ್ನು ಎಲ್ಲೆಡೆ ಕಾಯುವ ಕಾವಲುಗಾರನಿಲ್ಲ ಎಂಬುದನ್ನು ಮರೆಯಬಾರದು. ನಿಯಮವನ್ನು ಮೀರಿ ಬರೆದ ಒಂದು ಪ್ರೋಗ್ರಾಮು ನುಗ್ಗಲಿನ ಹೊತ್ತಿನಲ್ಲಿಯೂ ಹಿಂಜರಿಯದೆ ತನ್ನ ಪಾಲಿಗಿಂತ ಹೆಚ್ಚನ್ನು ಕಬಳಿಸಬಲ್ಲದು. ಬಹುಪಾಲು ಯಂತ್ರಗಳು ಹಾಗೆ ಮಾಡದಿರುವುದರಿಂದ ಮಾತ್ರ ಉಳಿದವರಿಗೂ ದಾರಿ ಸಿಗುತ್ತಿದೆ. ಆದುದರಿಂದ ಜಾಲಗಳ ಪಾಠವನ್ನು ಕಲಿತು ಪ್ರೋಗ್ರಾಮು ಬರೆಯಲು ಕುಳಿತ ವಿದ್ಯಾರ್ಥಿಯ ಮುಂದಿರುವುದು ವೇಗದ ಲೆಕ್ಕವೊಂದೇ ಅಲ್ಲ. ತಾನೆಂದೂ ಕಾಣದ ಸಾವಿರಾರು ಜನರೊಡನೆ ಹಂಚಿಕೊಂಡ ದಾರಿಯಲ್ಲಿ ತನ್ನ ಯಂತ್ರ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಅವನು, ಅವಳು ಅಲ್ಲಿ ನಿರ್ಧರಿಸಬೇಕಾಗುತ್ತದೆ.